ಕಂಬಳಿಯೊಳಗಿನ ಕೆಮ್ಮು

ಡಬ್ಬಿಯ ಮೇಲೆ ಚಿತ್ತಮ್ಮನಿಗೆ ಮೊದಲ ದಿನ ಸಿಟ್ಟೇನೂ ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಅದಕ್ಕೊಂದು ಮುಖವಾದರೂ ಬೇಡವೆ? ಅಂಗೈಯಗಲದ ಬಿಳೀ ಡಬ್ಬಿ, ನಡುವೆ ಸಾಸಿವೆ ಕಾಳಿನಷ್ಟು ಹಸಿರು ದೀಪ. ಅಂಥವು ಮೂರು. ಕಂಪನಿಯಿಂದ ಬಂದಿದ್ದ ಮೋಹನ್‌ಕುಮಾರ್ ಒಂದನ್ನು ನಡುಮನೆಯ ಗೋಡೆಗೆ, ಒಂದನ್ನು ಅಡುಗೆಮನೆಗೆ, ಇನ್ನೊಂದನ್ನು ಬಚ್ಚಲ ಬಾಗಿಲ ಮೇಲಕ್ಕೆ ಅಂಟಿಸಿ, ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡ.

"ಹೆದರ್ಕಬ್ಯಾಡ್ರಿ ಅಜ್ಜಿ, ಇದು ಫೋಟೋ ಗೀಟೋ ತೆಗ್ಯಲ್ಲ. ಬರೀ ಕೇಳಿಸ್ಕಂತೈತೆ. ನೀವು ಬಿದ್ರೆ, ಕೆಮ್ಮಿದ್ರೆ, ನರಳಿದ್ರೆ, ಕೂಗಿದ್ರೆ ಇದಕ್ಕೆ ಗೊತ್ತಾಗ್ತೈತೆ. ಆ ಗಳಿಗೇಲೇ ನಿಮ್ ಮಗನ ಫೋನು, ಸೊಸೆ ಫೋನು ಎರಡೂ ಬಡ್ಕಂತಾವೆ."

"ನಾನು ಆಡೋ ಮಾತೂ ಕೇಳಿಸ್ಕಂತೈತಾ?"

"ಮಾತು ಇದಕ್ಕೆ ಬೇಕಾಗಿಲ್ಲ ಅಜ್ಜಿ. ಸದ್ದು ಅಷ್ಟೆ."

"ಹಂಗಾರೆ ನಮ್ ಜಾತೀದೇ ಬಿಡು," ಎಂದು ಚಿತ್ತಮ್ಮ ನಕ್ಕಳು. "ನಾವೂ ಕುರಿ ಮಾತು ಕೇಳಿದೋರಲ್ಲ, ಸದ್ದು ಕೇಳಿದೋರು. ನಾನು ಇನ್ನೂರು ಕುರಿಗೆ ಕಿವಿ ಕೊಟ್ಕಂಡು ಬದುಕ್ದೋಳು. ಇದು ಒಬ್ಬ ಮುದುಕಿಗೆ ಮೂರು ಡಬ್ಬಿ!"

ಮೋಹನ್‌ಕುಮಾರನೂ ನಕ್ಕ. ಹೋಗುವಾಗ ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಅದರಲ್ಲಿ ಏನು ಬರೆದಿತ್ತೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಎಪ್ಪತ್ತನಾಲ್ಕು ವರ್ಷದ ಚಿತ್ತಮ್ಮ ಚಿತ್ರದುರ್ಗಕ್ಕೆ ತಾನಾಗಿ ಬಂದವಳಲ್ಲ, ಎತ್ತಿ ತಂದಿಟ್ಟದ್ದು. ಹರಿಯಬ್ಬೆ ಪಕ್ಕದ ಹಟ್ಟಿಯಲ್ಲಿ ತಮ್ಮ ಯತ್ತಪ್ಪನ ಮನೆಯ ಮಗ್ಗುಲಿಗೇ ಅವಳ ಮನೆ. ಇಬ್ಬರಿಗೂ ಸೇರಿ ಕುರಿ ಕೂಡಲು ಕಾರೆಮುಳ್ಳಿನ ಬೇಲಿಯ ಒಂದೇ ರೊಪ್ಪ, ಇನ್ನೂರು ಕುರಿ, ಅದರಲ್ಲಿ ಮೂವತ್ತೆರಡು ಅವಳ ಸ್ವಂತದವು. ಬೆಳಗಾದರೆ ಯತ್ತಪ್ಪ ಹಿಂಡು ಹೊಡೆದುಕೊಂಡು ಹೋಗುವನು, ರೊಪ್ಪದಲ್ಲಿ ಉಳಿದ ಎಳೆ ಮರಿಗಳನ್ನು ನೋಡಿಕೊಳ್ಳುವವಳು ಇವಳು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕುರಿಗೆ ನೀರಿಡುವ ಬಾನಿಯ ಹತ್ತಿರ ಜಾರಿ ಬಿದ್ದಳು. ಯತ್ತಪ್ಪನ ಹೆಂಡತಿ ಪಾಲಮ್ಮ ಅವತ್ತೇ ಹಿರಿಯೂರಿಗೆ ಹೋಗಬೇಕೆ! ಎಡಗೈ ಮುರಿದುಕೊಂಡು, ಪಕ್ಕೆ ಹಿಡಿದುಕೊಂಡು, ಸಂಜೆ ಹಿಂಡು ವಾಪಸು ಬರುವ ತನಕ ಚಿತ್ತಮ್ಮ ಅಲ್ಲೇ ಬಿದ್ದಿದ್ದಳು. ಮರಿಗಳು ಬಂದು ಮೂಸಿ ನೋಡಿ ಹೋಗುತ್ತಿದ್ದವು.

ಮಗ ಜುಂಜೇಶ ಚಿತ್ರದುರ್ಗದಲ್ಲಿ ಲೈನ್‌ಮ್ಯಾನ್, ಕರೆಂಟಿನ ಕಂಬ ಹತ್ತುವ ಕೆಲಸ. ಗಟ್ಟಿ ಆಳು. ಆವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೆದುರಿಗೇ ಬಿಕ್ಕಿ ಬಿಕ್ಕಿ ಅತ್ತ. "ಎಂಟು ತಾಸು ಅವ್ವಾ, ಎಂಟು ತಾಸು ನೀನು ಕೂಗ್ತಿದ್ರೂ ಯಾರಿಗೂ ಕೇಳ್ಲಿಲ್ಲ," ಎಂದು ಅದನ್ನೇ ಅಂದ. ಅಲ್ಲಿಂದ ನೇರ ಮೆದೇಹಳ್ಳಿ ರಸ್ತೆಯ ತನ್ನ ಮನೆಗೇ ಕರೆತಂದ. ಸೊಸೆ ಲತಾ ಕೆಟ್ಟವಳಲ್ಲ. ಸಿರಿಗೆರೆ ಕಡೆಯ ಹೈಸ್ಕೂಲಿನಲ್ಲಿ ಟೀಚರು, ಬೆಳಗ್ಗೆ ಎಂಟರ ಬಸ್ಸು ಹಿಡಿಯುವುದರೊಳಗೆ ಅತ್ತೆಗೆ ತಲೆ ಬಾಚಿ, ಮುದ್ದೆ ಮಾಡಿಟ್ಟು, ಮಾತ್ರೆ ಎಣಿಸಿಟ್ಟು ಹೋಗುವಳು. ಇಷ್ಟು ಚೆನ್ನಾಗಿ ನೋಡಿಕೊಳ್ಳುವವರ ಮೇಲೆ ದೂರು ಹೇಳುವುದಾದರೂ ಹೇಗೆ?

ಆದರೆ ಕೈಯ ಕಟ್ಟು ಬಿಚ್ಚಿದ ಮೇಲೂ ಯಾರೂ ಹಟ್ಟಿಯ ಮಾತೇ ಎತ್ತಲಿಲ್ಲ. ಎರಡು ದಿನ ಕಾದಳು. ಮೂರನೆಯ ದಿನ ಚೀಲಕ್ಕೆ ಎರಡು ಸೀರೆ ತುರುಕಿಕೊಂಡು, ಕೇಳಿಕೊಂಡು ಕೇಳಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಹಿರಿಯೂರು ಬಸ್ಸು ಹತ್ತಿ ಕೂತಳು. ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ಟೂ ಇಸಿದುಕೊಂಡಾಗಿತ್ತು. ಡ್ರೈವರು ಹತ್ತಬೇಕು ಅನ್ನುವಾಗ ಬಂದದ್ದು ಜುಂಜೇಶ. ಅಂದಿನಿಂದ ಆಧಾರ್ ಕಾರ್ಡು ಲತಾಳ ವ್ಯಾನಿಟಿ ಬ್ಯಾಗು ಸೇರಿತು, ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿತ್ತು. ಬೀಗ ಬಿದ್ದ ಮೇಲೆ, ಒಳಗೆ ಮುದುಕಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ಹುಟ್ಟಿತು. ಆ ಹೆದರಿಕೆಗೆ ಡಬ್ಬಿ ಬಂತು. ನೋಡಿ, ಒಂದರ ಹಿಂದೊಂದು ಹೇಗೆ ಬರುತ್ತವೆ!

"ಮರಿ ಹಾಕೋ ಕಾಲ ಬಂತು ಕಣೋ," ಎಂದು ಅವಳು ಮಗನ ಕೈ ಹಿಡಿದುಕೊಂಡಳು. "ನನ್ನವೇ ಹನ್ನೊಂದು ಕುರಿ ಗಬ್ಬ ಅವೆ. ಅದ್ರಾಗೆ ನಾಕು ಚೊಚ್ಚಲು. ಚೊಚ್ಚಲು ಕುರಿ ಮರೀಗೆ ಮೊಲೆ ಕೊಡಲ್ಲ, ಒದ್ದು ಓಡ್ತೈತೆ. ಹಿಡ್ದು ಒಪ್ಪಿಸ್ಬೇಕು. ಪಾಲಮ್ಮನ ಕೈಲಿ ಅದು ಆಗಲ್ಲ, ಅವ್ಳು ಅವಸರದೋಳು. ಮರಿ ಸತ್ತೋಗ್ತಾವೆ. ನನ್ನ ಬಿಟ್ಟು ಬಾರೋ."

ಜುಂಜೇಶ ಗೋಡೆಯ ಡಬ್ಬಿ ನೋಡಿದ, ಅವ್ವನನ್ನು ನೋಡಿದ. "ಒಂದು ಕೆಲ್ಸ ಮಾಡಾಣ. ಒಂದು ತಿಂಗಳು ನೋಡಾಣ ಅವ್ವಾ. ಒಂದು ತಿಂಗಳು ಈ ಡಬ್ಬಿ ಏನೂ ಹೇಳ್ದಿದ್ರೆ, ಎಲ್ಲಾ ದಿನಾನೂ ಹಸಿರೇ ಬಂದ್ರೆ, ನಾನೇ ಕರ್ಕಂಡೋಗಿ ಹಟ್ಟೀಲಿ ಬಿಟ್ಟು ಬರ್ತೀನಿ."

ಹಸಿರು ಅಂದರೆ ಏನು ಅನ್ನುವುದನ್ನು ಲತಾ ಫೋನಿನಲ್ಲಿ ತೋರಿಸಿದಳು. ದಿನಕ್ಕೊಂದು ಗುಂಡನೆಯ ಚುಕ್ಕೆ. ಎಲ್ಲ ಸರಿಯಿದ್ದರೆ ಹಸಿರು, ಅನುಮಾನ ಬಂದರೆ ಹಳದಿ, ಗಾಬರಿಯಾದರೆ ಕೆಂಪು. ಮೂವತ್ತು ಹಸಿರು ಚುಕ್ಕೆ ಸಾಲಾಗಿ ಬಂದರೆ ಹಟ್ಟಿ. ಇಷ್ಟೇ ತಾನೆ, ಅಂದುಕೊಂಡಳು ಚಿತ್ತಮ್ಮ.

ಇಷ್ಟೇ ಆಗಿರಲಿಲ್ಲ. ಮೊದಲ ವಾರ ಡಬ್ಬಿಗೂ ಅವಳಿಗೂ ಒಂದು ದಿನವೂ ಸರಿಬರಲಿಲ್ಲ. "ಅಯ್ಯಯ್ಯಪ್ಪಾ, ಶಿವನೇ" ಎಂದು ನೆಲಕ್ಕೆ ಕೂತಳು, ಅವಳ ಸಣ್ಣ ಫೋನು ಕುಣಿಯಿತು.

"ಅವ್ವಾ! ಏನಾಯ್ತು? ನರಳ್ತಿದ್ದೀಯಂತೆ?"

"ಕುಂತ್ಕಂಡೆ ಕಣಪ್ಪ."

"ಕುಂತ್ಕಳಾಕೆ ನರಳ್ಬೇಕಾ?"

"ಎಪ್ಪತ್ನಾಕು ವರ್ಷದಿಂದ ಹಿಂಗೇ ಕುಂತ್ಕಂತಿರೋದು. ಸುಮ್ನೆ ಕುಂತ್ಕಳಾಕೆ ಬರ್ತೈತಾ ಯಾರಿಗಾರಾ?"

ಆ ದಿನ ಹಳದಿ. ಮರುದಿನ ಕೈಯಿಂದ ತಟ್ಟೆ ಜಾರಿತು, ಕೆಂಪು. ಅದರ ಮರುದಿನ ಬಾಯಿ ಮುಚ್ಚಿಕೊಂಡು, ಏನನ್ನೂ ಮುಟ್ಟದೆ, ಮಧ್ಯಾಹ್ನ ಹಾಗೇ ನಿದ್ದೆ ಹೋದಳು. ಎರಡು ತಾಸು ಮನೆಯಲ್ಲಿ ಒಂದು ಸದ್ದೂ ಇಲ್ಲವೆಂದು ಡಬ್ಬಿ ಅದಕ್ಕೂ ಫೋನು ಬಡಿಸಿತು. "ಅತ್ತೇ, ಇದ್ದೀರಾ?" ಎಂದು ಲತಾ ಕ್ಲಾಸಿನಿಂದ ಹೊರಗೆ ಬಂದು ಫೋನಿನಲ್ಲಿ ಕೇಳುತ್ತಿದ್ದಳು. "ಇದ್ದೀನಿ ಕಣವ್ವ, ಎಲ್ಲಿಗೆ ಹೋಗ್ಲಿ, ನೀವೇ ಬೀಗ ಹಾಕ್ಕಂಡು ಹೋಗಿದ್ದೀರಲ್ಲ," ಎಂದಳು ಚಿತ್ತಮ್ಮ. ಸದ್ದು ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು. ಅತ್ತೆಮನೆಗೆ ಬಂದ ಹೊಸದರಲ್ಲಿ ಕೂಡ ಅವಳು ಇಷ್ಟು ಎಚ್ಚರದಿಂದ ಉಸಿರಾಡಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಕೆಮ್ಮು. ಉಣ್ಣೆ, ರೊಪ್ಪದ ಧೂಳು, ಒಲೆಯ ಹೊಗೆ, ಎಲ್ಲ ಸೇರಿ ಹತ್ತು ವರ್ಷದಿಂದ ಎದೆಯಲ್ಲಿ ಮನೆ ಮಾಡಿದ್ದ ಕೆಮ್ಮು. ಅದೂ ಈಚೆಗೆ ಆಳಕ್ಕಿಳಿದಿತ್ತು. ಹಟ್ಟಿಯಲ್ಲಿ ಅದನ್ನು ಕೇಳುವವರಿರಲಿಲ್ಲ, ಇಲ್ಲಿ ಮೂರು ಡಬ್ಬಿ ಕೇಳುತ್ತಿದ್ದವು.

ಕೆಮ್ಮು ಕೇಳಿಸಿಕೊಂಡವರು ಏನು ಮಾಡುತ್ತಾರೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೊಪ್ಪದಲ್ಲಿ ಬೆಳಕು ಹರಿಯುವ ಹೊತ್ತಿಗೆ ಹಿಂಡು ಏಳುತ್ತದಲ್ಲ, ಆಗ ಬೇಲಿಯ ಪಕ್ಕ ಕಣ್ಣು ಮುಚ್ಚಿ ಕೂತು ಕೇಳುವುದು ಅವಳ ಕೆಲಸವಾಗಿತ್ತು. ಧೂಳಿಗೆ ಕೆಮ್ಮುವ ಕುರಿ ಬೇರೆ, ಒಳಗಿನಿಂದ ಕೆಮ್ಮುವ ಕುರಿ ಬೇರೆ. ಒಳಗಿನಿಂದ ಕೆಮ್ಮಿದ್ದನ್ನು ಹಿಡಿದು ಕೊರಳಿಗೆ ಕೆಂಪು ಬಟ್ಟೆ ಸುತ್ತಿ ಬೇರೆ ಕಟ್ಟುತ್ತಿದ್ದಳು. ಹಿಂಡಿಗೆಲ್ಲ ಹತ್ತಬಾರದಲ್ಲ. ಹಾಗೆ ಬೇರೆ ಕಟ್ಟಿದ್ದು ಮತ್ತೆ ಹಿಂಡಿನ ಜೊತೆ ಬಯಲು ಕಂಡದ್ದು ಬಹಳ ಕಡಿಮೆ. ಕುರಿಗೂ ಅದು ಗೊತ್ತಿತ್ತು ಅನ್ನಿ! ಕುರಿಯನ್ನು ದಡ್ಡ ಅನ್ನುವವರು ಕುರಿ ಸಾಕಿದವರಲ್ಲ. ಕಾಯಿಲೆ ಬಿದ್ದ ಕುರಿ ಹಸಿವಿಲ್ಲದಿದ್ದರೂ ಮೇವಿಗೆ ಬಾಯಿ ಹಾಕುತ್ತದೆ, ಕುಂಟುವ ಕಾಲನ್ನು ನೆಟ್ಟಗೆ ಊರುತ್ತದೆ, ಹಿಂಡಿನ ನಡುವೆ ನುಗ್ಗಿ ನಿಲ್ಲುತ್ತದೆ. ಎಷ್ಟೋ ಕುರಿ ಅವಳ ಕಿವಿಯನ್ನೇ ತಪ್ಪಿಸಿ ಬದುಕಿದ್ದವು.

ಡಬ್ಬಿಯ ಕಿವಿಯನ್ನೂ ಹಾಗೇ ತಪ್ಪಿಸಬೇಕು ಎಂದು ಚಿತ್ತಮ್ಮ ನಿಶ್ಚಯ ಮಾಡಿದಳು. ಕೆಮ್ಮಿದ್ದನ್ನು ಕಟ್ಟುತ್ತಾರೆ, ಕೆಮ್ಮದಿದ್ದದ್ದನ್ನು ಬಿಡುತ್ತಾರೆ. ಅವಳಿಗೆ ಗೊತ್ತಿದ್ದ ನ್ಯಾಯ ಅದೊಂದೇ, ಅದನ್ನೇ ನಂಬಿದಳು.

ಮಲಗುವ ಕೋಣೆಯಲ್ಲಿ ಡಬ್ಬಿ ಇರಲಿಲ್ಲ, ಆದರೆ ಅಲ್ಲಿ ಕೆಮ್ಮಿದರೂ ನಡುಮನೆಯದಕ್ಕೆ ಕೇಳುತ್ತಿತ್ತು. ಹಟ್ಟಿಯಿಂದ ಬರುವಾಗ ಹೊದ್ದು ಬಂದಿದ್ದ ಕರೀ ಕಂಬಳಿಯೊಂದಿತ್ತು. ಹಗಲಾಗಲಿ ರಾತ್ರಿಯಾಗಲಿ, ಎದೆಯಲ್ಲಿ ಕೆರೆತ ಎದ್ದ ಕೂಡಲೇ ಎದ್ದು ಆ ಕೋಣೆಯ ಮೂಲೆಗೆ ಹೋಗಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮುಖಕ್ಕೆ ಒತ್ತಿಕೊಂಡು, ಹಾಸಿಗೆಗೆ ಬೋರಲು ಬಿದ್ದು ಕೆಮ್ಮುವಳು. ಹೊರಗೆ ಬರಬೇಕಾದ ಕೆಮ್ಮು ಒಳಗೇ ತಿರುಗಿ ಪಕ್ಕೆಗೆ ಗುದ್ದುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಉಸಿರು ಹಿಡಿಯುವಷ್ಟರಲ್ಲಿ ಮತ್ತೊಂದು. ಆಮೇಲೆ ಕಣ್ಣೊರೆಸಿಕೊಂಡು, ಏನೂ ಆಗದವಳ ಹಾಗೆ ಹೊರಗೆ ಬಂದು ನಲ್ಲಿ ತಿರುಗಿಸುವಳು, ಲೋಟ ಕುಟ್ಟುವಳು, ಚಪ್ಪಲಿ ಎಳೆದುಕೊಂಡು ಎರಡು ಸುತ್ತು ಹಾಕುವಳು. ಅರ್ಧ ಗಂಟೆಗೊಮ್ಮೆ ಇದೇ. ಥೂ, ಬದುಕಿದ್ದೇನೆ ಅಂತ ಗೋಡೆಗೆ ಸಾಕ್ಷಿ ಹೇಳುವ ಬಾಳು!

ಕೂರುವಾಗ ಏಳುವಾಗ ಶಿವನನ್ನು ಕರೆಯುವುದು ನಿಂತಿತು. ಪಾಲಮ್ಮ ಫೋನು ಮಾಡಿ ಹಟ್ಟಿಯ ಸುದ್ದಿ ಹೇಳುವಾಗ ನಗು ಬಂದರೆ ನಗುತ್ತಿರಲಿಲ್ಲ, ನಕ್ಕರೆ ಕೆಮ್ಮು ಏಳುತ್ತಿತ್ತು. "ಯಾಕತ್ತಿಗೆ, ನನ್ ಮ್ಯಾಲೆ ಸಿಟ್ಟಾ? ಮಾತೇ ಆಡಲ್ವಲ್ಲ," ಎಂದಳು ಪಾಲಮ್ಮ. "ಇಲ್ಲ ಕಣೆ, ಬರ್ತೀನಿ, ಬಂದು ಮಾತಾಡ್ತೀನಿ," ಎಂದಳು ಚಿತ್ತಮ್ಮ, ಮೆಲ್ಲಗೆ.

ಎಣಿಕೆ ಮತ್ತೆ ಒಂದರಿಂದ ಶುರುವಾಗಿ ಚುಕ್ಕೆ ಹಸಿರಾಗತೊಡಗಿದವು. ಐದು, ಹತ್ತು, ಹದಿನೆಂಟು. ಸಂಜೆ ಲತಾ ಫೋನು ಹಿಡಿದು ತೋರಿಸುವಳು, ಇವಳು ಬೆರಳಿಟ್ಟು ಎಣಿಸುವಳು. ಇಪ್ಪತ್ತೈದನೆಯ ದಿನ ಕೆಮ್ಮಿ ತೆಗೆದ ಕಂಬಳಿಯ ಮೇಲೆ ಸಣ್ಣಗೆ ಕೆಂಪು ಕಂಡಿತು. ಅದನ್ನು ಬಚ್ಚಲಲ್ಲಿ ತೊಳೆದು ಕಿಟಕಿಗೆ ಒಣಗಹಾಕಿದಳು. ಇನ್ನೈದು ದಿನ ತಾನೆ.

ಮೂವತ್ತು ಚುಕ್ಕೆ ತುಂಬಿದ ಮರುದಿನ ಭಾನುವಾರ. ಚಿತ್ತಮ್ಮ ಬೆಳಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಚೀಲ ಕಟ್ಟಿ, ಬಾಗಿಲ ಪಕ್ಕ ಇಟ್ಟುಕೊಂಡು ಕೂತಿದ್ದಳು. ಜುಂಜೇಶ ಹೊರಗೆ ಹೋದವನು ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಂದ. ಮುಖ ಊರಗಲ ಆಗಿತ್ತು.

"ಬಾಯಿ ತೆಗಿ ಅವ್ವಾ. ಮೂವತ್ತಕ್ಕೆ ಮೂವತ್ತೂ ಹಸಿರು! ಡಾಕ್ಟ್ರಿಗೆ ತೋರ್ಸ್ದೆ. ಅವ್ರೇ ಬೆರಗಾದ್ರು. ಹಟ್ಟೀಲಿ ಆ ಪಾಟಿ ಕೆಮ್ತಿದ್ದೆಯಲ್ಲ, ಇಲ್ಲಿ ಈಗ ಒಂದು ತಿಂಗ್ಳಿಂದ ಒಂದು ಕೆಮ್ಮಿಲ್ಲ, ಒಂದು ನರಳಾಟ ಇಲ್ಲ. ಅಂದ್ರೆ ಏನು? ಆ ಧೂಳು, ಆ ಉಣ್ಣೆ, ಅದೇ ನಿಂಗೆ ಆಗ್ತಿರ್ಲಿಲ್ಲ. ಈ ಮನೆ ನಿಂಗೆ ಒಗ್ಗೈತೆ ಅವ್ವಾ."

ಚಿತ್ತಮ್ಮನ ಬಾಯಲ್ಲಿದ್ದ ಸಿಹಿ ಹಾಗೇ ನಿಂತಿತು. "ಹಟ್ಟಿಗೆ ಹೋಗಾಣ ಅಂದಿದ್ದೆ."

"ಅಂದಿದ್ದೆ. ಆಗ ಇದು ಗೊತ್ತಿರ್ಲಿಲ್ಲ. ಗೊತ್ತಾದ್ಮ್ಯಾಲೂ ನಿನ್ನ ಅಲ್ಲಿಗೆ ಕಳ್ಸಿದ್ರೆ ನಾನು ಮಗನಾ?" ಅವನು ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಯತ್ತಪ್ಪ ಮಾವಂಗೂ ಹೇಳ್ದೆ. ನಿನ್ ಕುರೀನೂ ಅವ್ನೇ ಇಟ್ಕಂಬ್ಲಿ, ಕಿವೀಗೆ ಅವ್ನ ಗುರ್ತೇ ಹಾಕ್ಕಂಬ್ಲಿ ಅಂತ. ನಿಂಗೆ ಆ ಚಿಂತೇನೂ ಬ್ಯಾಡ."

ಕುರಿಯ ಕಿವಿಯ ಗುರುತು ಅಂದರೆ ಕುರಿಗಾರರಿಗೆ ಮನೆಯ ಹೆಸರಿದ್ದಂತೆ. ಅವಳದು ಎಡಗಿವಿಗೆ ಒಂದು ಕಚ್ಚು, ಗಂಡ ಇದ್ದಾಗ ಹಾಕಿದ್ದು. ಅದರ ಪಕ್ಕ ಈಗ ಇನ್ನೊಂದು ಕಚ್ಚು ಬೀಳುತ್ತದೆ. ಅಲ್ಲಿಗೆ ಮುಗಿಯಿತು, ಆ ಹಟ್ಟಿಯಲ್ಲಿ ಚಿತ್ತಮ್ಮನದು ಅನ್ನುವುದು ಯಾವುದೂ ಇರುವುದಿಲ್ಲ.

"ನಾನು ಕೆಮ್ಮಿದೀನಿ ಕಣೋ!" ಎಂದು ಕೂಗಿಕೊಂಡಳು. "ದಿನಾ ಕೆಮ್ಮಿದೀನಿ. ಕಂಬ್ಳಿ ಬಾಯಿಗೆ ತುರುಕ್ಕಂಡು, ಅಗೋ ಆ ಮೂಲೇಲಿ ಬಿದ್ಕಂಡು ಕೆಮ್ಮಿದೀನಿ. ನಿನ್ ಡಬ್ಬೀಗೆ ಮೋಸ ಮಾಡ್ದೆ. ನಂಗೆ ಏನೂ ವಾಸಿ ಆಗಿಲ್ಲ. ರಕ್ತಾನೂ ಬಂದೈತೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಲತಾ ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ, "ಅತ್ತೇ, ಅದು ಪಕ್ಕದ ಕೋಣೇಲಿ ಸೊಳ್ಳೆ ಬ್ಯಾಟ್ ಚಟಪಟ ಅಂದ್ರೂ ಹಿಡೀತೈತೆ. ನೀವು ತಿಂಗ್ಳೆಲ್ಲಾ ಕೆಮ್ಮಿದ್ರೆ ಗೊತ್ತಾಗ್ತಿರ್ಲಿಲ್ವಾ? ಹಟ್ಟಿಗೆ ಹೋಗ್ಬೇಕು ಅಂತ ಇಲ್ಲದ ಕಾಯಿಲೆ ಹೇಳ್ಕಬಾರ್ದು," ಎಂದಳು.

"ಕಂಬ್ಳಿ ನೋಡು ಬಾ!"

ಕಂಬಳಿ ತಂದು ಹರವಿದಳು. ಕರೀ ಕಂಬಳಿ, ತೊಳೆದು ಒಣಗಿಸಿದ್ದು, ಅದರಲ್ಲಿ ಏನು ಕಾಣುತ್ತದೆ? ಆ ಗಳಿಗೆಗೇ ಸರಿಯಾಗಿ ಕೆಮ್ಮು ಬಂತು. ಈ ಸಲ ತಡೆಯಲಿಲ್ಲ, ನಡುಮನೆಯಲ್ಲೇ ನಿಂತು ಎದೆ ಬಿರಿಯುವ ಹಾಗೆ ಕೆಮ್ಮಿದಳು. ಗೋಡೆಯ ದೀಪ ಹಳದಿಯಾಯಿತು. ಜುಂಜೇಶ ನೀರು ತಂದು ಕುಡಿಸಿ ಬೆನ್ನು ಸವರಿದ. "ನೋಡು, ಹಟ್ಟಿ ಮಾತೆತ್ತಿದ್ ಕೂಡ್ಲೇ ಮೈಮ್ಯಾಲೆ ಬಂತು," ಎಂದ. "ನಾಳಿದ್ದು ಡಾಕ್ಟ್ರ ಹತ್ರ ಹೋಗಾಣ. ನಿಜವಾಗ್ಲೂ ಕೆಮ್ಮು ಇದ್ರೆ ಅಲ್ಲಿಗೆ ಹೆಂಗೆ ಕಳ್ಸಾಕಾಗ್ತೈತೆ, ನೀನೇ ಹೇಳು?"

ಚಿತ್ತಮ್ಮ ಕಂಬಳಿ ಮಡಿಸತೊಡಗಿದಳು. ತಾನು ಎಲ್ಲಿ ಎಡವಿದೆ ಅನ್ನುವುದು ಅವಳಿಗೆ ಆಗ ತಿಳಿಯಿತು. ರೊಪ್ಪದಲ್ಲಿ ಕೆಮ್ಮಿದ್ದನ್ನು ಕಟ್ಟುತ್ತಾರೆ. ಇಲ್ಲಿ ಕೆಮ್ಮಿದ್ದನ್ನೂ ಕಟ್ಟುತ್ತಾರೆ, ಕೆಮ್ಮದಿದ್ದದ್ದನ್ನೂ ಕಟ್ಟುತ್ತಾರೆ. ಈ ಮನೆಯ ಬಾಗಿಲು ತೆಗೆಸುವಂಥ ಸದ್ದು ಅವಳ ಬಾಯಲ್ಲಿರಲಿಲ್ಲ.

ಸೋಮವಾರ ಎಂದಿನಂತೆ ಲತಾ ಬಸ್ಸಿಗೆ ಹೋದಳು, ಜುಂಜೇಶ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದ. ಹನ್ನೊಂದರ ಹೊತ್ತಿಗೆ ಪಾಲಮ್ಮನ ಫೋನು ಬಂತು. ಚೊಚ್ಚಲು ಕುರಿಯೊಂದು ಬೆಳಗ್ಗೆ ಮರಿ ಹಾಕಿತ್ತು, ಬಿಳೀ ಹಣೆಯ ಹೆಣ್ಣು ಮರಿ. ತಾಯಿ ಹತ್ತಿರ ಸೇರಿಸುತ್ತಿಲ್ಲ, ಒದೆಯುತ್ತಿದೆ. "ಏನ್ ಮಾಡ್ಲಿ ಅತ್ತಿಗೆ? ಹೇಳ್ರಿ ಬಿರ್ನೆ." ಚಿತ್ತಮ್ಮ ಹೇಳಿದಳು, ಮರಿಯ ಮೈಮೇಲಿನ ಲೋಳೆ ತಾಯಿಯ ಮೂಗಿಗೆ ಹಚ್ಚು, ಕಾಲು ಹಿಡಿ, ಕತ್ತಲಿರುವ ಕಡೆ ಎರಡನ್ನೂ ಕೂಡಿಹಾಕು, ಅವಸರ ಮಾಡಬೇಡ. ಹೇಳುತ್ತಾ ಹೇಳುತ್ತಾ ಅವಳ ಕೈಗಳೇ ಗಾಳಿಯಲ್ಲಿ ಕುರಿ ಹಿಡಿಯುತ್ತಿದ್ದವು. ಫೋನಿನ ಹಿಂದಿನಿಂದ ಮರಿಯ ದನಿ ಕೇಳುತ್ತಿತ್ತು, ಇನ್ನೂ ನೀರು ನೀರಾದ ದನಿ. ಆಮೇಲೆ ಸಿಗ್ನಲ್ಲು ಹೋಯಿತು.

ಅವಳು ಕಿಟಕಿಗೆ ಹೋದಳು. ಸರಳು ಎರಡು ಕೈಯಲ್ಲೂ ಹಿಡಿದಳು. ಮತ್ತೆ, ಯಾಕೆಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ, ಹೊಟ್ಟೆಯ ತಳದಿಂದ ಕುರಿ ಕರೆದಳು. "ಓ... ಹೋ... ಹೋಯ್! ಬಾ ಬಾ ಬಾ, ಹೋಯ್!" ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಮುಟ್ಟಬೇಕಾದ ಕೂಗು. ಮೆದೇಹಳ್ಳಿ ರಸ್ತೆಯ ಆಟೋದವರು ತಲೆಯೆತ್ತಿ ನೋಡಿದರು. ಪಕ್ಕದ ಮನೆಯ ನಾಯಿ ಬೊಗಳಿತು. ಅವಳು ಮತ್ತೆ ಕರೆದಳು, ಮತ್ತೆ ಮತ್ತೆ ಕರೆದಳು. ಹಿಂದೆ ಮೂರೂ ಡಬ್ಬಿ ಕೆಂಪಾಗಿ ಮಿನುಗುತ್ತಿದ್ದವು. ಸಣ್ಣ ಫೋನು ಬಡಿದುಕೊಳ್ಳುತ್ತಲೇ ಇತ್ತು. ತೆಗೆಯಲಿಲ್ಲ.

ಕಾಲು ಗಂಟೆಯಲ್ಲಿ ಬೀಗ ತೆಗೆದ ಸದ್ದಾಯಿತು. ಜುಂಜೇಶ ಒಳಗೆ ನುಗ್ಗಿದ. ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು, ಹೆಲ್ಮೆಟ್ ಇರಲಿಲ್ಲ. ಅವ್ವ ಕಿಟಕಿಯ ಹತ್ತಿರ ನಿಂತಿರುವುದನ್ನು ನೋಡಿ ಗೋಡೆಗೆ ಒರಗಿದ.

"ಬಿದ್ಯಾ? ಎಲ್ಲಿ ಬಿದ್ದೆ?"

"ಬೀಳ್ಲಿಲ್ಲ."

"ಮತ್ತೆ ಯಾಕಂಗೆ ಕೂಗ್ದೆ?"

"ಕುರಿ ಕರ್ದೆ," ಎಂದಳು ಚಿತ್ತಮ್ಮ. "ಕರ್ದಿದ್ದು ಕುರೀನ. ಬಂದಿದ್ದು ನೀನು."

ಜುಂಜೇಶ ನೆಲಕ್ಕೆ ಕೂತ. ಲತಾಗೆ ಫೋನು ಮಾಡಿ "ಏನಿಲ್ಲ, ನೀನು ಬರಬ್ಯಾಡ" ಎಂದ. ಡಬ್ಬಿ ಅವನ ಫೋನಿನಲ್ಲಿ ಪ್ರಶ್ನೆ ಕೇಳಿಕೊಂಡು ಕಾಯುತ್ತಿತ್ತು. ಇದು ಮನೆಯ ಮಾಮೂಲಿ ಸದ್ದೇ? ಹೌದು ಎಂದು ಒತ್ತಿದರೆ, ಇನ್ನು ಮುಂದೆ ಆ ಸದ್ದಿಗೆ ಅದು ಯಾರನ್ನೂ ಕರೆಯುವುದಿಲ್ಲ. ಈಗಾಗಲೇ ಹಾಗೆ ಒತ್ತಿದ್ದವು ಸಾಲಾಗಿ ಕಾಣುತ್ತಿದ್ದವು: ಕುಕ್ಕರಿನ ಸೀಟಿ, ಮಿಕ್ಸಿ, ಬಾಗಿಲ ಬೀಗ.

ಅವನು ಅದನ್ನು ಅವ್ವನಿಗೆ ಓದಿ ಹೇಳಿ, ಹೌದು ಒತ್ತಲು ಬೆರಳೆತ್ತಿದ.

"ಒತ್ತಬ್ಯಾಡ ಮಗಾ," ಎಂದು ಅವನ ಕೈ ಹಿಡಿದಳು. "ತಿಂಗ್ಳೆಲ್ಲಾ ಸುಮ್ಕಿದ್ದೆ, ನೀನು ನನ್ನ ಕಡೆ ನೋಡ್ಲಿಲ್ಲ. ನಿನ್ನೆ ಕೆಮ್ಮಿದೆ, ನಂಬ್ಲಿಲ್ಲ. ಇವತ್ತು ಇದೊಂದು ಕೂಗಿಗೆ ಓಡಿ ಬಂದೆ. ಇದೊಂದಾದ್ರೂ ನಂಗೆ ಇರ್ಲಿ. ನಾಳೆ ನಿಜವಾಗ್ಲೂ ಬಿದ್ರೆ, ನನ್ ಬಾಯಾಗೆ ಬರಾದೂ ಇದೇ ಕಣೋ. ಬ್ಯಾರೆ ಕೂಗು ನಂಗೆ ಗೊತ್ತಿಲ್ಲ."

"ಕಂಬದ ಮ್ಯಾಲಿದ್ದೆ ಅವ್ವಾ," ಎಂದ ಜುಂಜೇಶ. ದನಿ ಏರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. "ಹೊಳಲ್ಕೆರೆ ರೋಡಲ್ಲಿ, ಮ್ಯಾಲಿನ ತಂತಿ ಹತ್ರ. ಫೋನು ಕೆಂಪಾಗಿ ಬಡ್ಕಂಡಿದ್ ಕೂಡ್ಲೇ ನೀನು ಬಾನಿ ಹತ್ರ ಬಿದ್ದಿದ್ದೇ ಕಣ್ಮುಂದೆ ಬಂತು. ಕೈ ಬಿಟ್ಟೋಯ್ತು. ಬೆಲ್ಟು ಹಿಡೀತು, ಅದಕ್ಕೆ ಉಳ್ಕಂಡು ಬಂದಿದೀನಿ."

ಚಿತ್ತಮ್ಮ ಅವನ ಕೈ ತಿರುಗಿಸಿ ನೋಡಿದಳು. ಅಂಗೈಯ ಚರ್ಮ ಮಣಿಕಟ್ಟಿನವರೆಗೂ ಕಿತ್ತು ಬಂದಿತ್ತು. ಎರಡು ವರ್ಷದ ಕೂಸಿದ್ದಾಗ ಇದೇ ಕೈ ಅವಳ ಸೆರಗು ಹಿಡಿದುಕೊಂಡು ರೊಪ್ಪದ ತುಂಬ ಓಡಾಡಿತ್ತು. ಅವಳು ಸೆರಗಿನ ತುದಿ ನೀರಲ್ಲಿ ಅದ್ದಿ ಅದನ್ನು ಒರೆಸಿದಳು. ಅವನು ಹಲ್ಲು ಕಚ್ಚಿಕೊಂಡು ಕೂತಿದ್ದ.

"ಒತ್ತಪ್ಪ," ಎಂದಳು.

"ಅವ್ವಾ..."

"ಒತ್ತು ಅಂದ್ನಲ್ಲ. ನನ್ ಕೂಗು ಕೇಳಿ ನೀನು ಕಂಬದ ಮ್ಯಾಲಿಂದ ಬೀಳಬ್ಯಾಡ."

ಅವನು ಒತ್ತದೆ ಫೋನು ಹಿಡಿದು ಕೂತ. ಫೋನನ್ನು ಅವಳೇ ತೆಗೆದುಕೊಂಡಳು. ಯಾವುದು ಹೌದು ಎಂದು ಕೇಳಿದಳು, ಅವನು ತೋರಿಸಿದ. ಕುರಿಯ ನೆತ್ತರು, ಉಣ್ಣೆ, ಹಾಲು ಎಲ್ಲ ಕಂಡಿದ್ದ ಆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, ಅಲ್ಲಿ ಒತ್ತಿದಳು. ಗೋಡೆಯ ದೀಪ ಹಸಿರಾಯಿತು. ಮಗನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಕುಡಿದ ಮೇಲೆ ಬಾಗಿಲ ತನಕ ಬಂದಳು. ಅವನು ಹೊರಗೆ ನಿಂತು ಬೀಗ ಹಾಕಲೋ ಬೇಡವೋ ಎಂದು ತಡೆಯುತ್ತಿದ್ದ.

"ಹಾಕ್ಕಂಡು ಹೋಗು," ಎಂದಳು ಚಿತ್ತಮ್ಮ. "ಹುಷಾರಾಗಿ ಹತ್ತು."